ಪೊರೆ ಬಲಿಯಲಿ ಎಂದವರು ಯಾರು?

"ಪೊರೆ ಬಂದಿದೆಯಂತೆ, ಆದರೆ ಇನ್ನೂ ಬಲಿತಿಲ್ಲ. ಬಲಿಯಲಿ, ಆಮೇಲೆ ತೆಗೆಸಿದರಾಯಿತು." ಬೀದರಿನಿಂದ ಕಾಸರಗೋಡಿನವರೆಗೆ ಯಾವ ಊರಿನ ಜಗಲಿಯಲ್ಲಿ ಕುಳಿತರೂ ಕೇಳಸಿಗುವ ಮಾತು ಇದು. ಮುಂಬಯಿಯ ಚಾಳುಗಳಲ್ಲಿ ಇದೇ ಮಾತು ಮರಾಠಿಯಲ್ಲಿ ಬರುತ್ತದೆ: 'ಮೋತಿಬಿಂದು ಅಜೂನ್ ಪಿಕಲಾ ನಾಹಿ'. ಮುತ್ತಿನ ಬಿಂದು ಇನ್ನೂ ಹಣ್ಣಾಗಿಲ್ಲ ಎಂದು ಅರ್ಥ. ಭಾಷೆ ಎರಡಾದರೂ ಸಲಹೆ ಒಂದೇ. ಹಣ್ಣಾಗುವವರೆಗೆ ಕಾಯಬೇಕು, ಆಮೇಲೆ ಕೊಯ್ಯಬೇಕು.

ಈ ಸಲಹೆ ಎಲ್ಲಿಂದ ಬಂತು? ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹುಡುಕುತ್ತ ಹೋದರೆ ಸಿಗುವ ಕತೆಯೇ ಬೇರೆ. ಇದು ಒಂದು ಕಾಲದ ಒಳ್ಳೆಯ ವೈದ್ಯರೇ, ಸರಿಯಾದ ಕಾರಣಗಳಿಗಾಗಿಯೇ ಕೊಟ್ಟ ಸಲಹೆ. ಆ ಕಾರಣಗಳು ಕಳೆದ ಮೂರು ನಾಲ್ಕು ದಶಕಗಳಲ್ಲಿ ಒಂದೊಂದಾಗಿ ಇಲ್ಲವಾದವು. ಸಲಹೆ ಮಾತ್ರ ಉಳಿದುಕೊಂಡಿತು. ನಾನು ದುಡಿಯುವ ಐಟಿ ಉದ್ಯಮದಲ್ಲಿ ಇಂಥದ್ದು ಹೊಸದಲ್ಲ. ಯಾವುದೋ ಹಳೆಯ ಯಂತ್ರದ ಮಿತಿಗೆಂದು ಬರೆದ ನಿಯಮ, ಆ ಯಂತ್ರ ಗುಜರಿಗೆ ಹೋದ ಮೇಲೂ ಪ್ರೋಗ್ರಾಮಿನೊಳಗೆ ಕುಳಿತಿರುತ್ತದೆ. ಏಕೆ ಇದೆಯೆಂದು ಯಾರಿಗೂ ನೆನಪಿಲ್ಲ, ತೆಗೆಯಲು ಯಾರಿಗೂ ಧೈರ್ಯವಿಲ್ಲ. ಅಲ್ಲಿ ಆಗುವ ನಷ್ಟ ಹಣದ್ದು, ಇಲ್ಲಿ ಆಗುವುದು ಕಣ್ಣಿನದು. ಆದ್ದರಿಂದ ಈ ಒಂದು ಮಾತಿನ ಇತಿಹಾಸವನ್ನು ಬಿಡಿಸಿ ನೋಡುವುದು ಒಳ್ಳೆಯದು ಅನ್ನಿಸಿತು.

ಮೊದಲು ಪದವನ್ನೇ ನೋಡೋಣ. ಪೊರೆ ಎಂದರೆ ನಮಗೆ ಹಾವು ಬಿಟ್ಟ ಪೊರೆ ನೆನಪಾಗುತ್ತದೆ. ಕಣ್ಣಿನ ಮೇಲೆ ತೆಳುವಾದ ಹಾಳೆಯೊಂದು ಬೆಳೆದಿದೆ, ಅದನ್ನು ಸುಲಿದು ತೆಗೆಯುತ್ತಾರೆ ಎಂಬ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ನಿಜ ಸಂಗತಿ ಬೇರೆ. ಕಣ್ಣಿನ ಪಾಪೆಯ ಹಿಂದೆ ಒಂದು ಪುಟ್ಟ ಪಾರದರ್ಶಕ ಮಸೂರವಿದೆ. ಅದರ ರಚನೆಯನ್ನು ಮಾವಿನಹಣ್ಣಿಗೆ ಹೋಲಿಸಬಹುದು. ಹೊರಗೆ ತೆಳು ಸಿಪ್ಪೆ, ಒಳಗೆ ಮೆತ್ತನೆಯ ತಿರುಳು, ನಡುವೆ ಗಟ್ಟಿ ಗೊರಟೆ. ವಯಸ್ಸಾದಂತೆ ಮಸೂರದೊಳಗಿನ ಪ್ರೋಟೀನುಗಳು ಗಂಟುಕಟ್ಟಿ ಅದು ಮಬ್ಬಾಗುತ್ತದೆ. ಮಬ್ಬಾದ ಆ ಮಸೂರವೇ ಪೊರೆ. ಅದನ್ನು ತೆಗೆಯುವುದೆಂದರೆ ಕಣ್ಣಿನ ಒಂದು ಅಂಗವನ್ನೇ ತೆಗೆಯುವುದು. ಮುಂದಿನ ಕತೆಯೆಲ್ಲ ಈ ಸಿಪ್ಪೆ, ತಿರುಳು, ಗೊರಟೆಗಳದ್ದೇ.

ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮಸೂರವನ್ನು ಹೊರತೆಗೆಯುವ ಸಾಹಸವನ್ನು ಹೆಚ್ಚಿನವರು ಮಾಡಲಿಲ್ಲ. ಸೂಜಿಯಂಥ ಶಲಾಕೆಯನ್ನು ಕಣ್ಣಿನೊಳಗೆ ತೂರಿಸಿ, ಮಬ್ಬಾದ ಮಸೂರವನ್ನು ದಾರಿಯಿಂದ ಪಕ್ಕಕ್ಕೆ, ಕಣ್ಣಿನ ತಳಕ್ಕೆ ತಳ್ಳಿಬಿಡುತ್ತಿದ್ದರು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಈ ವಿಧಾನದ ವಿವರಣೆಯಿದೆ. ಇದೇ ವಿದ್ಯೆಯನ್ನು ಊರೂರು ಅಲೆಯುವ ಕಣ್ಣು ವೈದ್ಯರು 20ನೆಯ ಶತಮಾನದವರೆಗೂ ಮಾಡುತ್ತಿದ್ದರು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಈ ಪದ್ಧತಿಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಸೂಜಿ ಹಾಕಿದ ಕೂಡಲೇ ರೋಗಿಗೆ ಬೆಳಕು ಕಾಣುತ್ತಿತ್ತು, ಜನ ಕೈಮುಗಿಯುತ್ತಿದ್ದರು, ವೈದ್ಯ ದಕ್ಷಿಣೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದ. ಕೆಲವೇ ವಾರಗಳಲ್ಲಿ ಕೀವಾಗಿಯೋ ಕಣ್ಣಿನ ಒತ್ತಡ ಏರಿಯೋ ಅನೇಕರ ಕಣ್ಣು ಹೋಗುತ್ತಿತ್ತು. ಆಗ ಕೇಳಲು ಆತ ಊರಿನಲ್ಲಿ ಇರುತ್ತಿರಲಿಲ್ಲ.

ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಶಸ್ತ್ರಚಿಕಿತ್ಸೆ 18ನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಎಂಬ ವೈದ್ಯನಿಂದ ರೂಢಿಗೆ ಬಂತು. ಸಿಪ್ಪೆಯನ್ನು ಸೀಳಿ, ಗೊರಟೆಯನ್ನೂ ತಿರುಳನ್ನೂ ಒತ್ತಿ ಹೊರಗೆ ತರುವುದು ಆತನ ಕ್ರಮ. 'ಬಲಿಯಲಿ' ಎಂಬ ಮಾತಿನ ಮೊದಲ ಬೇರು ಇಲ್ಲಿದೆ. ಎಳೆಯ ಪೊರೆಯಲ್ಲಿ ತಿರುಳು ಸಿಪ್ಪೆಗೆ ಅಂಟಿಕೊಂಡಿರುತ್ತದೆ. ಗೊರಟೆ ಬಂದರೂ ತಿರುಳು ಒಳಗೇ ಉಳಿಯುತ್ತದೆ, ಊದಿಕೊಳ್ಳುತ್ತದೆ, ಉರಿಯೂತ ತರುತ್ತದೆ, ಮತ್ತೆ ದೃಷ್ಟಿಗೆ ಅಡ್ಡವಾಗುತ್ತದೆ. ಪೂರ್ತಿ ಬಲಿತ ಪೊರೆಯಲ್ಲಿ ತಿರುಳು ಸಡಿಲವಾಗಿ ಗೊರಟೆಯ ಜೊತೆ ಸಲೀಸಾಗಿ ಹೊರಬರುತ್ತದೆ. ಸೂಕ್ಷ್ಮದರ್ಶಕವಿಲ್ಲದೆ ಬರಿಗಣ್ಣಿನಿಂದ ಕೆಲಸ ಮಾಡುತ್ತಿದ್ದ ಆ ವೈದ್ಯರಿಗೆ ಉಳಿದ ತಿರುಳನ್ನು ಹುಡುಕಿ ತೆಗೆಯುವ ದಾರಿ ಇರಲಿಲ್ಲ. ಹೀಗಾಗಿ ಹಣ್ಣಾಗುವ ತನಕ ಕಾಯುವುದೇ ಜಾಣತನವಾಗಿತ್ತು.

ಕಾಯಲು ಇನ್ನೊಂದು ಕಾರಣವೂ ಇತ್ತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸುವವರೆಗೆ ಈ ಶಸ್ತ್ರಚಿಕಿತ್ಸೆ ಎಚ್ಚರವಿರುವ, ನೋವು ಅನುಭವಿಸುವ ಮನುಷ್ಯನ ಮೇಲೆ ನಡೆಯುತ್ತಿತ್ತು. ಆಮೇಲೂ ಗಾಯ ದೊಡ್ಡದು, ಹತ್ತು ಹನ್ನೆರಡು ಮಿಲಿಮೀಟರ್. ಸೋಂಕಿಗೆ ಮದ್ದಿಲ್ಲ. ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ದಿನಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಕೆಮ್ಮಿದರೂ ಭಯ, ಸೀನಿದರೂ ಭಯ. ಹೇಗೂ ಕಾಣದೇ ಹೋದ ಕಣ್ಣಿಗಾದರೆ ಅಷ್ಟು ಅಪಾಯ ಎಳೆದುಕೊಳ್ಳಬಹುದು. ಅಷ್ಟಿಷ್ಟು ಕಾಣುವ ಕಣ್ಣಿಗೆ ಏಕೆ?

ಇಂಥ ಶಸ್ತ್ರಚಿಕಿತ್ಸೆಗೆ ಕನ್ನಡಿಗರು ಎಲ್ಲಿಗೆ ಹೋಗುತ್ತಿದ್ದರು ಎಂದು ನೋಡಿದರೆ ಅಂದಿನ ಹರಿದು ಹಂಚಿಹೋದ ಕರ್ನಾಟಕದ ಭೂಪಟವೇ ಕಣ್ಣ ಮುಂದೆ ಬರುತ್ತದೆ. ಬಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಿಗೆ 1956ರ ನವೆಂಬರ್ 1ರವರೆಗೂ ರಾಜಧಾನಿ ಮುಂಬಯಿ. ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸಿಗೆ ಸೇರಿದ್ದವು. ಅಲ್ಲಿ 1819ರಲ್ಲೇ ಆರಂಭವಾದ ಎಗ್ಮೋರಿನ ಕಣ್ಣಾಸ್ಪತ್ರೆ ಇತ್ತು. ಮೈಸೂರು ಸಂಸ್ಥಾನದವರಿಗೆ ಬೆಂಗಳೂರಿನ ಮಿಂಟೋ ಆಸ್ಪತ್ರೆ. ಮುಂಬಯಿಯಲ್ಲಿ 1845ರಲ್ಲಿ ಬೈಕಲ್ಲಾದಲ್ಲಿ ಜೆ.ಜೆ. ಆಸ್ಪತ್ರೆಯೂ ಗ್ರಾಂಟ್ ವೈದ್ಯಕೀಯ ಕಾಲೇಜೂ ಆರಂಭವಾದವು. ಆ ಶತಮಾನದ ಉತ್ತರಾರ್ಧದಲ್ಲಿ ಅದೇ ಆವರಣದಲ್ಲಿ ಕಣ್ಣಿಗೆಂದೇ ಒಂದು ಆಸ್ಪತ್ರೆ ಎದ್ದಿತು. ಅದಕ್ಕೆ ಹಣ ಕೊಟ್ಟವರು ಪಾರ್ಸಿ ಶ್ರೀಮಂತ ಸರ್ ಕಾವಸ್‌ಜಿ ಜಹಾಂಗೀರ್ ರೆಡಿಮನಿ. ಫೋರ್ಟಿನಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಸಭಾಂಗಣಕ್ಕೆ ಅವರದೇ ಹೆಸರಿದೆ. ಚರ್ಚ್‌ಗೇಟಿನಿಂದ ಇಳಿದು ಆ ಕಟ್ಟಡದ ಮುಂದೆ ನಡೆದುಹೋಗುವ ನಮ್ಮಲ್ಲಿ ಎಷ್ಟೋ ಜನರಿಗೆ, ಅದೇ ದಾನಿಯ ಹಣದಿಂದ ಬೈಕಲ್ಲಾದಲ್ಲಿ ಕಣ್ಣಾಸ್ಪತ್ರೆ ಎದ್ದದ್ದು ಗೊತ್ತಿರಲಾರದು.

ಆ ಕಾಲದ ಕಣ್ಣಾಸ್ಪತ್ರೆಗೆ ಬರುತ್ತಿದ್ದ ಮಬ್ಬುಗಣ್ಣಿಗೆ ಪೊರೆಯೊಂದೇ ಕಾರಣವಲ್ಲ. 'ಕಣ್ಣಿಗೆ ಹೂವು ಬಿದ್ದಿದೆ' ಎಂಬ ಮಾತನ್ನು ನಮ್ಮ ಅಜ್ಜಿಯರು ಆಡುತ್ತಿದ್ದರು. ಮರಾಠಿಯಲ್ಲೂ ಫೂಲ್ ಎಂದೇ ಹೇಳುತ್ತಾರೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲದಲ್ಲಿ ಉಳಿಯುವ ಬಿಳಿ ಕಲೆ ಅದು. ಸಿಡುಬು, ವಿಟಮಿನ್ ಎ ಕೊರತೆ, ಟ್ರಕೋಮಾ ಸೋಂಕು ಇವೆಲ್ಲ ಅದನ್ನು ಬಿಟ್ಟುಹೋಗುತ್ತಿದ್ದವು. ಸಿಡುಬಿನ ವಿರುದ್ಧ ಭಾರತದಲ್ಲಿ ಮೊದಲ ಲಸಿಕೆ ಹಾಕಿಸಿಕೊಂಡದ್ದು ಇದೇ ಮುಂಬಯಿಯ ಮೂರು ವರ್ಷದ ಮಗು, ಆನಾ ಡಸ್ಟ್‌ಹಾಲ್. ದಿನ 1802ರ ಜೂನ್ 14. ಅಲ್ಲಿಂದ ದೇಶದ ಕೊನೆಯ ಸಿಡುಬು ಪ್ರಕರಣದವರೆಗೆ, ಅಂದರೆ 1975ರ ಮೇವರೆಗೆ, ನೂರ ಎಪ್ಪತ್ತಮೂರು ವರ್ಷ ಹಿಡಿಯಿತು. ವಿಟಮಿನ್ ಎ ಹನಿಗಳ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. ಟ್ರಕೋಮಾ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಭಾರತದಲ್ಲಿ ಇನ್ನಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2024ರಲ್ಲಿ. ನಮ್ಮ ಮಕ್ಕಳು 'ಕಣ್ಣಿಗೆ ಹೂವು' ಎಂಬ ಮಾತನ್ನೇ ಕೇಳಿಲ್ಲವೆಂದರೆ ಅದರ ಹಿಂದೆ ಇಷ್ಟು ಕೆಲಸವಿದೆ. ಪೊರೆ ಹಾಗಲ್ಲ. ಅದಕ್ಕೆ ಲಸಿಕೆಯಿಲ್ಲ, ಹನಿಯಿಲ್ಲ. ಜನರ ಆಯುಸ್ಸು ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ತೆಗೆಯುವುದೊಂದೇ ದಾರಿ.

ಇಷ್ಟು ಜನರ ಪೊರೆ ತೆಗೆಯುವವರು ಯಾರು? ಆಸ್ಪತ್ರೆಗಳು ನಗರಗಳಲ್ಲಿ, ಕಾಣದವರು ಹಳ್ಳಿಗಳಲ್ಲಿ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಂಚೂಣಿಯಲ್ಲಿ ನಿಂತವರು ನಮ್ಮವರೇ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಡಾ. ಎಂ.ಸಿ. ಮೋದಿ, ಮುರುಗೆಪ್ಪ ಚನ್ನವೀರಪ್ಪ ಮೋದಿ. 1943ರಿಂದ ಅವರು ಹಳ್ಳಿಹಳ್ಳಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿದರು. ಶಾಲೆ, ಛತ್ರ, ಮಠಗಳೇ ಶಸ್ತ್ರಚಿಕಿತ್ಸೆಯ ಕೋಣೆಗಳಾದವು. ಊರವರು ಅನ್ನ ಹಾಕಿದರು, ಯುವಕರು ರೋಗಿಗಳ ಕೈಹಿಡಿದು ನಡೆಸಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದವರೆಂದು ಗಿನ್ನೆಸ್ ಪುಸ್ತಕ ಅವರ ಹೆಸರನ್ನು ದಾಖಲಿಸಿತು. ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಈ ಸಂಖ್ಯೆ ನೋಡಿದ ತಕ್ಷಣ ಭಾಗಾಕಾರ ಮಾಡುವ ಚಟ. ಇಪ್ಪತ್ತನಾಲ್ಕು ಗಂಟೆ ನಿಲ್ಲದೆ ಕೆಲಸ ಮಾಡಿದರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗುವುದಿಲ್ಲ. ಒಬ್ಬ ಮನುಷ್ಯನ ಕೈಚಳಕ ಎಷ್ಟಿದ್ದರೂ ಇದು ಕೈಚಳಕದಿಂದಷ್ಟೇ ಆಗುವ ಕೆಲಸವಲ್ಲ. ಸಾಲಾಗಿ ಮೇಜುಗಳು, ಮೊದಲೇ ಸಿದ್ಧವಾಗಿ ಮಲಗಿದ ರೋಗಿಗಳು, ಮರಗಟ್ಟಿಸಲು ಒಬ್ಬರು, ಪಟ್ಟಿ ಕಟ್ಟಲು ಇನ್ನೊಬ್ಬರು. ವೈದ್ಯರು ಮಾತ್ರ ಮೇಜಿನಿಂದ ಮೇಜಿಗೆ ನಡೆಯುವುದು. ಕಾರ್ಖಾನೆಯ ವ್ಯವಸ್ಥೆಯನ್ನು ಕರುಣೆಯ ಕೆಲಸಕ್ಕೆ ತಂದ ರೀತಿ ಅದು. ಮುಂದೆ 1976ರಲ್ಲಿ ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ಇಂಥ ವ್ಯವಸ್ಥೆಯನ್ನು ಆಸ್ಪತ್ರೆಯ ನಾಲ್ಕು ಗೋಡೆಗಳ ಒಳಗೆ ತಂದು ಜಗತ್ತಿಗೇ ಮಾದರಿಯಾಯಿತು. ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಮಹಾಲಕ್ಷ್ಮಿಪುರಂ ಕಡೆಯ ರಸ್ತೆಯೊಂದು ಇಂದಿಗೂ ಡಾ. ಮೋದಿ ಆಸ್ಪತ್ರೆ ರಸ್ತೆ.

ಶಿಬಿರಗಳ ಆ ಕಾಲದಲ್ಲಿ ಮಸೂರವನ್ನು ಸಿಪ್ಪೆಯ ಸಮೇತ ಇಡಿಯಾಗಿ ತೆಗೆಯುವ ವಿಧಾನ ಹೆಚ್ಚು ಬಳಕೆಯಲ್ಲಿತ್ತು. 20ನೆಯ ಶತಮಾನದ ಆರಂಭದಲ್ಲಿ ಜಲಂಧರದ ಸೇನಾ ವೈದ್ಯ ಹೆನ್ರಿ ಸ್ಮಿತ್ ಇದನ್ನು ಹೆಸರುವಾಸಿ ಮಾಡಿದ್ದ. ತಿರುಳು ಒಳಗೆ ಉಳಿಯುವ ಪ್ರಶ್ನೆಯೇ ಇಲ್ಲದ್ದರಿಂದ ಪೊರೆ ಪೂರ್ತಿ ಬಲಿಯಲೇಬೇಕೆಂಬ ಮೊದಲ ಕಾರಣ ಇಲ್ಲಿಗೆ ಸಡಿಲವಾಯಿತು. ಆದರೂ ಕಾಯುವ ಸಲಹೆ ನಿಲ್ಲಲಿಲ್ಲ. ಅದಕ್ಕೆ ಕಾರಣ ಕನ್ನಡಕ.

ಮಸೂರ ತೆಗೆದ ಕಣ್ಣಿಗೆ ಬೆಳಕನ್ನು ಕೇಂದ್ರೀಕರಿಸುವ ಶಕ್ತಿಯ ದೊಡ್ಡ ಪಾಲು ಹೋಗಿರುತ್ತದೆ. ಅದನ್ನು ಸರಿದೂಗಿಸಲು ಸುಮಾರು +10 ಪವರಿನ ಕನ್ನಡಕ ಬೇಕಾಗುತ್ತಿತ್ತು. ಸೋಡಾ ಬಾಟಲಿಯ ತಳದಂತಹ ದಪ್ಪ ಗಾಜು, ಅದರ ಹಿಂದೆ ಅಜ್ಜನ ಕಣ್ಣು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿದ್ದುದನ್ನು ನಲವತ್ತು ದಾಟಿದ ಓದುಗರು ನೋಡಿಯೇ ಇರುತ್ತಾರೆ. ಆ ಗಾಜು ಲೋಕವನ್ನು ಕಾಲು ಭಾಗಕ್ಕೂ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತಿತ್ತು. ಮೆಟ್ಟಿಲು ಇದ್ದ ಜಾಗದಲ್ಲಿ ಕಾಲಿಗೆ ಸಿಗುತ್ತಿರಲಿಲ್ಲ, ಲೋಟಕ್ಕೆ ಎಂದು ಹುಯ್ದ ನೀರು ಪಕ್ಕಕ್ಕೆ ಬೀಳುತ್ತಿತ್ತು. ಒಂದು ಕಣ್ಣಿಗೆ ಮಾತ್ರ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದು ಚೆನ್ನಾಗಿದ್ದರಂತೂ ಪಾಡು ಇನ್ನೂ ಕಷ್ಟ. ಎರಡು ಕಣ್ಣು ಎರಡು ಅಳತೆಯ ಲೋಕ ತೋರಿಸಿದರೆ ಮೆದುಳು ಯಾವುದನ್ನು ನಂಬಬೇಕು? ಕನ್ನಡಕ ಒಡೆದರೆ ಮತ್ತೆ ಕುರುಡು. ಹೀಗಾಗಿ ಎರಡೂ ಕಣ್ಣು ಬಹುಪಾಲು ಹೋಗುವವರೆಗೆ ಕಾಯಿರಿ ಎನ್ನುವುದು ಆಗಲೂ ನ್ಯಾಯವೇ ಆಗಿತ್ತು.

ಈ ಗಂಟನ್ನು ಬಿಚ್ಚಿದ್ದು ಒಂದು ಯುದ್ಧ ವಿಮಾನದ ಗಾಜು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಸಿಡಿದು ಹೊಕ್ಕಿದ್ದವು. ಆ ಚೂರುಗಳನ್ನು ಕಣ್ಣು ಹೊರದೂಡದೆ ಸುಮ್ಮನೆ ಸಹಿಸಿಕೊಂಡದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲೀ ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರ ನವೆಂಬರ್ 29ರಂದು ಒಬ್ಬ ರೋಗಿಯ ಕಣ್ಣಿನೊಳಗೆ ಇಟ್ಟರು. ಅವರ ಕಾಲದ ದೊಡ್ಡ ವೈದ್ಯರು ಇದನ್ನು ಒಪ್ಪಲು ದಶಕಗಳೇ ಹಿಡಿದವು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶಬ್ದಾತೀತ ಕಂಪನದಿಂದ ಗೊರಟೆಯನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನವನ್ನು ತಂದರು. ಗಾಯ ಮೂರು ಮಿಲಿಮೀಟರಿಗೆ ಇಳಿಯಿತು, ಹೊಲಿಗೆ ಬೇಡವಾಯಿತು. ಭಾರತದ ಬಡವರಿಗೆ ಇದು ಎಟುಕಿದ್ದು ಇನ್ನೂ ತಡವಾಗಿ. ಆಮದು ಮಸೂರದ ಬೆಲೆ ಶಿಬಿರದ ರೋಗಿಯ ಕೈಗೆ ನಿಲುಕುವಂಥದ್ದಲ್ಲ. 1992ರಲ್ಲಿ ಮಧುರೈಯ ಅರೋಲ್ಯಾಬ್ ಇಲ್ಲೇ ಮಸೂರ ತಯಾರಿಸಲು ತೊಡಗಿ ಬೆಲೆಯನ್ನು ಹಲವು ಪಟ್ಟು ಇಳಿಸಿತು. 1994ರಲ್ಲಿ ವಿಶ್ವಬ್ಯಾಂಕಿನ ನೆರವಿನ ಪೊರೆ ನಿವಾರಣಾ ಯೋಜನೆ ಮಹಾರಾಷ್ಟ್ರವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಆರಂಭವಾಯಿತು. ಶಾಲೆ ಛತ್ರಗಳ ಶಸ್ತ್ರಚಿಕಿತ್ಸೆ ಹಿಂದೆ ಸರಿದು, ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮ ಬಂತು. ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತಾತ್ಯಾರಾವ್ ಲಹಾನೆ ಲಕ್ಷಕ್ಕೂ ಮೀರಿ ಪೊರೆ ಶಸ್ತ್ರಚಿಕಿತ್ಸೆ ಮಾಡಿ 2008ರಲ್ಲಿ ಪದ್ಮಶ್ರೀ ಪಡೆದದ್ದು ಈ ಹೊಸ ಕಾಲದಲ್ಲಿ.

ಇಲ್ಲಿಗೆ ಲೆಕ್ಕ ತಿರುಗುಮುರುಗಾಯಿತು. ಹಿಂದೆ ಎಳೆಯ ಪೊರೆ ಕಷ್ಟ, ಬಲಿತದ್ದು ಸುಲಭ. ಈಗ ಎಳೆಯದು ಸುಲಭ, ಬಲಿತದ್ದು ಕಷ್ಟ. ಗೊರಟೆ ಕಲ್ಲಿನಂತಾದರೆ ಅದನ್ನು ಪುಡಿಮಾಡಲು ಹೆಚ್ಚು ಶಕ್ತಿ ಬೇಕು. ಆ ಶಕ್ತಿ ಸುತ್ತಲಿನ ಭಾಗಗಳನ್ನೂ ನೋಯಿಸುತ್ತದೆ. ಅತಿಯಾಗಿ ಬಲಿತ ಪೊರೆ ಊದಿಕೊಂಡು ಅಥವಾ ಸೋರಿ, ಕಣ್ಣಿನ ಒತ್ತಡವನ್ನು ಏರಿಸಿ, ದೃಷ್ಟಿಯ ನರವನ್ನೇ ಕೊಲ್ಲಬಹುದು. ಆಗ ಪೊರೆ ತೆಗೆದರೂ ಕಾಣುವುದಿಲ್ಲ. ಹಾಗೆಂದು ಪೊರೆ ಕಂಡ ದಿನವೇ ಮೇಜಿಗೆ ಏರಬೇಕೆಂದಲ್ಲ. ಓದಲು, ಅಡುಗೆ ಮಾಡಲು, ರಸ್ತೆ ದಾಟಲು, ರಾತ್ರಿ ಗಾಡಿ ಓಡಿಸಲು ತೊಂದರೆಯಾಗತೊಡಗಿದಾಗ ತೆಗೆಸಬೇಕು ಎಂಬುದು ಇಂದಿನ ವೈದ್ಯರ ಅಳತೆ. ಕಾಯಬಹುದು, ಆದರೆ ಕಾಯುವ ತೀರ್ಮಾನ ಕಣ್ಣು ತೋರಿಸಿದ ಮೇಲೆ ಆಗಬೇಕು.

ಬಲಿಯುವ ಮಾತಿನ ಜೊತೆಗೆ ಹಳೆಯ ಕಾಲದ ಬೇರೆ ನಿಯಮಗಳೂ ಉಳಿದಿವೆ. 'ಚಳಿಗಾಲದಲ್ಲೇ ಮಾಡಿಸಬೇಕು' ಎನ್ನುವುದು ಫ್ಯಾನೂ ಇಲ್ಲದ ಶಿಬಿರದಲ್ಲಿ, ಬೆವರು ನೊಣಗಳ ನಡುವೆ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದ, ಸುಗ್ಗಿ ಮುಗಿದ ಮೇಲಷ್ಟೇ ಬಿಡುವಾಗುತ್ತಿದ್ದ ರೈತರ ಕಾಲದ ಮಾತು. ಇಂದು ಮುಂಬಯಿಯ ಮಳೆಗಾಲದಲ್ಲೂ ಮಾಡಿಸಬಹುದು. 'ಪೊರೆ ತೆಗೆಸಿದ ಮೇಲೆ ಮತ್ತೆ ಬೆಳೆಯಿತು' ಎಂಬ ದೂರು ಇನ್ನೊಂದು. ಮಸೂರ ಮತ್ತೆ ಬೆಳೆಯುವುದಿಲ್ಲ. ಒಳಗೆ ಉಳಿಸಿದ ಹಿಂಬದಿಯ ಸಿಪ್ಪೆ ಕೆಲವರಲ್ಲಿ ತಿಂಗಳುಗಳು ಅಥವಾ ವರ್ಷಗಳ ನಂತರ ಮಬ್ಬಾಗುತ್ತದೆ. ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷಗಳ ಲೇಸರಿನಿಂದ ಅದನ್ನು ಸರಿಪಡಿಸುತ್ತಾರೆ. ಇನ್ನು, ಎಪ್ಪತ್ತರ ಅಜ್ಜನಿಗೆ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪೇಪರ್ ಓದಲು ಬಂದರೆ ಮನೆಯವರು ಹಿಗ್ಗುತ್ತಾರೆ. ಅದು ಅನೇಕ ಸಲ ಗೊರಟೆ ಗಟ್ಟಿಯಾಗುತ್ತಿರುವ ಸೂಚನೆ. ಹತ್ತಿರದ್ದು ಕೆಲಕಾಲ ಚೆನ್ನಾಗಿ ಕಾಣುತ್ತದೆ, ದೂರದ್ದು ಹೋಗುತ್ತದೆ.

ಇಷ್ಟೇ ಆಗಿದ್ದರೆ ಈ ಸಲಹೆಯನ್ನು ಹಳೆಯದೆಂದು ನಕ್ಕು ಬಿಡಬಹುದಿತ್ತು. ನಿಜವಾದ ಅಪಾಯ ಬೇರೆಡೆ ಇದೆ. ವಯಸ್ಸಾದವರಿಗೆ ಮಬ್ಬಾದರೆ ಅದು ಪೊರೆ, ಪೊರೆಯಾದರೆ ಕಾಯಬಹುದು ಎಂಬ ಎರಡು ಹೆಜ್ಜೆಯ ತರ್ಕ ನಮ್ಮ ಮನೆಗಳಲ್ಲಿ ಬೇರೂರಿದೆ. ಎಷ್ಟೋ ಸಲ ಮೊದಲ ಹೆಜ್ಜೆಯೇ ತಪ್ಪಿರುತ್ತದೆ. ಮರಾಠಿಯಲ್ಲಿ ಮೋತಿಬಿಂದುವಿನ ಜೊತೆಗೆ ಕಾಚಬಿಂದು ಎಂಬ ಇನ್ನೊಂದು ಪದವಿದೆ, ಗ್ಲಾಕೋಮಾಕ್ಕೆ. ಒಂದು ಮುತ್ತಿನ ಬಿಂದು, ಇನ್ನೊಂದು ಗಾಜಿನ ಬಿಂದು. ಅಕ್ಕತಂಗಿಯರಂತೆ ಕೇಳಿಸುವ ಈ ಎರಡು ರೋಗಗಳ ಗುಣ ಪೂರ್ತಿ ಬೇರೆ. ಪೊರೆಯಿಂದ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ, ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಅದು ಹೆಚ್ಚಾಗಿ ನೋವಿಲ್ಲದೆ, ಅಂಚಿನ ನೋಟವನ್ನು ಮೊದಲು ತಿನ್ನುತ್ತ ಬರುತ್ತದೆ. ನಡುವಿನ ನೋಟ ಮಬ್ಬಾಗುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಕನ್ನಡದಲ್ಲಿ ಇದಕ್ಕೆ ಮನೆಮಾತಿನ ಹೆಸರೇ ಇಲ್ಲ. ಹೆಸರಿಲ್ಲದ ರೋಗವನ್ನು ಜನ ಗೊತ್ತಿರುವ ಹೆಸರಿನ ಕೆಳಗೆ ಸೇರಿಸಿಬಿಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ರಕ್ತನಾಳಗಳು ಸೋರುವುದೂ ಹಾಗೆಯೇ. ಇವುಗಳಿಗೆ 'ಬಲಿಯಲಿ' ಎಂಬ ನಿಯಮ ಹಚ್ಚಿದರೆ ಬಲಿಯುವುದು ಕುರುಡುತನ.

ಹಾಗಾದರೆ ಯಾವ ಮಬ್ಬಿಗೆ ಎಷ್ಟು ಕಾಯಬಹುದು? ನಮ್ಮ ಆಫೀಸುಗಳಲ್ಲಿ ಟಿಕೆಟ್ಟುಗಳಿಗೆ ಪ್ರಿಯಾರಿಟಿ ಕೊಡುವಂತೆ ಇವನ್ನೂ ಗಡಿಯಾರದ ಲೆಕ್ಕದಲ್ಲಿ ನೋಡಬಹುದು. ನಿಮಿಷಗಳ ಲೆಕ್ಕ: ಕಣ್ಣಿಗೆ ಸುಣ್ಣ, ಆಸಿಡ್, ಶೌಚಾಲಯ ತೊಳೆಯುವ ದ್ರವ ಸಿಡಿದರೆ ಮೊದಲು ಅಲ್ಲೇ ನಲ್ಲಿ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಬಿಡದೆ ತೊಳೆಯಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು. ನೋವಿಲ್ಲದೆ ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾದರೆ, ಕೆಲವೇ ನಿಮಿಷದಲ್ಲಿ ಮರಳಿ ಬಂದರೂ, ಅದನ್ನು ಪಾರ್ಶ್ವವಾಯುವಿನಂತೆಯೇ ಕಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಬ್ಬಿನ ಜೊತೆ ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ಮುಖ ಅಥವಾ ಕೈ ಸೋಲುವುದು ಕಂಡರೂ ಹಾಗೆಯೇ.

ಅದೇ ದಿನದ ಲೆಕ್ಕ: ಕಣ್ಣ ಮುಂದೆ ಮಿಂಚು ಹೊಳೆದಂತಾಗಿ, ಕಪ್ಪು ಚುಕ್ಕೆಗಳ ಮಳೆ ಸುರಿದಂತಾಗಿ, ಪರದೆ ಇಳಿದಂತೆ ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು. ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಅದು ಒತ್ತಡ ಹಠಾತ್ತನೆ ಏರಿದ ಗ್ಲಾಕೋಮಾ ಇರಬಹುದು. ಇದನ್ನು ಪಿತ್ತದ ತಲೆನೋವೆಂದು ಮಲಗಿ ಕಳೆದವರು ಬೆಳಗಾಗುವಷ್ಟರಲ್ಲಿ ಬಹಳಷ್ಟನ್ನು ಕಳೆದುಕೊಳ್ಳುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಹುಡುಗ ಹುಡುಗಿಯರಿಗೆ ಕೆಂಪು, ನೋವು, ಮಬ್ಬು ಒಟ್ಟಿಗೆ ಬಂದರೆ ಲೆನ್ಸ್ ತೆಗೆದು ಅಂದೇ ತೋರಿಸಬೇಕು. ಬಾಗಿಲ ಚೌಕಟ್ಟಿನಂಥ ನೇರ ಗೆರೆಗಳು ಸೊಟ್ಟಗೆ ಕಂಡರೆ ಕೆಲವೇ ದಿನಗಳ ಒಳಗೆ ಹೋಗಬೇಕು. ಮಗುವಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಒಂದು ವಾರವೂ ಬಿಡಬಾರದು. ಮೆಳ್ಳಗಣ್ಣನ್ನು '‌ಅದೃಷ್ಟ' ಎಂದು ಬಿಡುವುದೂ ತಪ್ಪು. ಸೋಮಾರಿಯಾದ ಕಣ್ಣನ್ನು ತಿದ್ದಲು ಏಳೆಂಟು ವರ್ಷದೊಳಗೇ ಒಳ್ಳೆಯ ಕಾಲ.

ಉಳಿದವು ವಾರ, ತಿಂಗಳುಗಳ ಲೆಕ್ಕ. ದಿನವಿಡೀ ಪರದೆ ನೋಡುವ ನಮಗೆ ಸಂಜೆ ಮಬ್ಬಾಗಿ, ರೆಪ್ಪೆ ಬಡಿದರೆ ತಿಳಿಯಾಗುವುದು ಬಹುಮಟ್ಟಿಗೆ ಕಣ್ಣು ಒಣಗುವುದರಿಂದ. ಪರದೆಯ ಮುಂದೆ ನಾವು ರೆಪ್ಪೆ ಬಡಿಯುವುದೇ ಕಡಿಮೆ. ನಲವತ್ತರ ಆಚೀಚೆ ಹತ್ತಿರದ ಅಕ್ಷರ ದೂರ ಹಿಡಿಯಬೇಕಾಗುವುದು ವಯಸ್ಸಿನ ಧರ್ಮ. ಮರಾಠಿಯ ಚಾಳೀಶಿ ಎಂದರೆ ನಲವತ್ತೂ ಹೌದು, ಕನ್ನಡಕವೂ ಹೌದು. ನಮ್ಮ ಚಾಳೀಸು ಅದರದೇ ಬಳಗ. ಆದರೆ ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿದ್ದರೆ ಅಂಗಡಿಯಲ್ಲಿ ಹೊಸ ಗಾಜು ಹಾಕಿಸುವ ಮೊದಲು ಸಕ್ಕರೆಯನ್ನೂ ಕಣ್ಣಿನ ಒತ್ತಡವನ್ನೂ ನೋಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಹನಿ ಹಾಕಿಸಿ ಅಕ್ಷಿಪಟಲ ತೋರಿಸಬೇಕು. ಮನೆಯವರಲ್ಲಿ ಗ್ಲಾಕೋಮಾ ಇದ್ದವರು ನಲವತ್ತರಿಂದಲೇ ತಪಾಸಣೆ ಮಾಡಿಸಿಕೊಳ್ಳಬೇಕು. ಔಷಧಿ ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಬಿಡುವವರಿಗೆ ಅದೇ ಪೊರೆಯನ್ನೂ ಗ್ಲಾಕೋಮಾವನ್ನೂ ತರಬಲ್ಲದು.

ದೇಶದ ಲೆಕ್ಕ ಆಶಾದಾಯಕವಾಗಿಯೇ ಇದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ 2001-02ರ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣ ಶೇ. 1.1 ಇತ್ತು; 2015-19ರ ಸಮೀಕ್ಷೆಯಲ್ಲಿ ಶೇ. 0.36. ನಡುವೆ 2017ರಲ್ಲಿ ಅಂಧತ್ವದ ವ್ಯಾಖ್ಯೆಯೇ 6/60ರಿಂದ 3/60ಕ್ಕೆ ಬದಲಾದ್ದರಿಂದ ಇಳಿಕೆಯೆಲ್ಲವೂ ಚಿಕಿತ್ಸೆಯ ಫಲವಲ್ಲ ಎಂಬುದನ್ನು ನೆನಪಿಡಬೇಕು. ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ. ಐವತ್ತು ದಾಟಿದವರ ಅಂಧತ್ವದಲ್ಲಿ ಶೇ. 66.2ಕ್ಕೆ ಕಾರಣ ಇಂದಿಗೂ ಪೊರೆ. ಮಸೂರ ಅಗ್ಗವಾಗಿದೆ, ಗಾಯ ಮೂರು ಮಿಲಿಮೀಟರ್, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಸಂಜೆಗೆ ಮನೆಗೆ ಮರಳಬಹುದು. ಆದರೂ ಮೂವರಲ್ಲಿ ಇಬ್ಬರು ತೆಗೆಯಬಹುದಾದ ಕಾರಣಕ್ಕೆ ಕುರುಡರಾಗಿದ್ದಾರೆ. ಹಣ, ದೂರ, ಕರೆದೊಯ್ಯುವವರಿಲ್ಲದಿರುವುದು ಹೀಗೆ ಇದಕ್ಕೆ ಕಾರಣ ಹಲವಿರಬಹುದು. ಅವುಗಳ ನಡುವೆ ಕಾಯುವ ಅಭ್ಯಾಸವೂ ಒಂದು.

ಕರೆದೊಯ್ಯುವವರು ಎಂದರೆ ಯಾರು? ಬಹಳಷ್ಟು ಮನೆಗಳಲ್ಲಿ ಅವರು ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಇದ್ದಾರೆ, ಅಂದರೆ ನಾವೇ. ಒಂದು ಕಣ್ಣು ಮಬ್ಬಾದರೆ ಇನ್ನೊಂದು ಅದನ್ನು ಮುಚ್ಚಿಹಾಕುವುದರಿಂದ ಅಪ್ಪ ಅವ್ವಂದಿರಿಗೆ ತಮ್ಮ ತೊಂದರೆ ತಮಗೇ ಗೊತ್ತಾಗುವುದಿಲ್ಲ. ಗೊತ್ತಾದರೂ ಮಕ್ಕಳ ರಜೆ ಹಾಳಾಗದಿರಲೆಂದು ಹೇಳುವುದಿಲ್ಲ. ಊರಿಗೆ ಹೋದಾಗ ಗೋಡೆಯ ಕ್ಯಾಲೆಂಡರನ್ನು ಹತ್ತು ಅಡಿ ದೂರದಿಂದ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿ ನೋಡಿ. ಐದು ನಿಮಿಷದ ಕೆಲಸ. ಆಸ್ಪತ್ರೆಗೆ ಹೋದರೆ ಮೂರು ಪ್ರಶ್ನೆ ಕೇಳಿ: ಇದು ಪೊರೆಯೇ, ಒತ್ತಡ ಎಷ್ಟಿದೆ, ಹಿಂದಿನ ಪಟಲ ಹೇಗಿದೆ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ವೈದ್ಯರೇ ಆರು ತಿಂಗಳು ಬಿಟ್ಟು ಬನ್ನಿ ಎಂದರೆ ನೆಮ್ಮದಿಯಾಗಿ ಕಾಯಬಹುದು.